ಮಾಧವರಾಯರು ಇತಿಹಾಸ ಓದಿದ ಬೇಸಿಗೆ

ಹೋದ ತಿಂಗಳು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ನಾನು ಕುಳಿತಿದ್ದ ಆಟೋ ಬಹಳ ಹೊತ್ತು ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ತಿರುಗಿಸಿಕೊಳ್ಳುತ್ತಿದೆ ಎಂದು ಚಾಲಕ ಹೇಳಿದ. ಅಷ್ಟರಲ್ಲಿ ಹಳೆಯ ಹತ್ತಿಯ ವಾಸನೆ ಬಂತು. ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ ಹಿಂಜುವಾಗ ಬರುವ, ಅರ್ಧ ಧೂಳು ಅರ್ಧ ಬೆವರಿನ ವಾಸನೆ. ಇಲ್ಲಿ ಹಾಸಿಗೆ ಅಂಗಡಿ ಇದೆಯೇ ಎಂದು ಕೇಳಿದೆ. ಇದೆಯೆಂದ ಚಾಲಕ, "ವಾಸ್ನೇಲೇ ಕಂಡ್‌ಹಿಡಿದ್ಬಿಟ್ರಲ್ಲ ಅಮ್ಮ" ಎಂದು ಮೆಚ್ಚಿಕೊಂಡ. ಇಂಥ ಮೆಚ್ಚುಗೆ ನನಗೆ ಹಿಡಿಸುವುದಿಲ್ಲ. ಮೂಗು ಅವನಿಗೂ ಇತ್ತು. ಬೇರೆ ದಿನವಾಗಿದ್ದರೆ ಅದನ್ನು ಹೇಳಿಯೇ ಇಳಿಯುತ್ತಿದ್ದೆ. ಅಂದು ಸುಮ್ಮನಾದೆ, ಏಕೆಂದರೆ ನಾನು ಆಗಲೇ ಅಲ್ಲಿಗೆ ಹತ್ತಿರದಲ್ಲೇ ಇದ್ದ, ಈಗ ಇಲ್ಲದ ಒಂದು ಕೋಣೆಯೊಳಗೆ ಹೋಗಿ ಕುಳಿತುಬಿಟ್ಟಿದ್ದೆ.

ಆ ಕೋಣೆಯ ಗೋಡೆಗಳಿಗೆ ಯಾರ್ಯಾರೋ ಕೊಟ್ಟ ಹಳೆಯ ಹತ್ತಿ ಹಾಸಿಗೆಗಳನ್ನು ಒರಗಿಸಿ ಹಗ್ಗದಿಂದ ಬಿಗಿದಿದ್ದರು. ಕಿಟಕಿಗೂ ಬಾಗಿಲಿಗೂ ಕೌದಿಗಳನ್ನು ಇಳಿಬಿಟ್ಟಿದ್ದರು. ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಹೆಣ್ಣುಮಗಳೊಬ್ಬಳು ಹೊಲಿದುಕೊಟ್ಟ ಕೌದಿಗಳು ಅವು. ಮುಟ್ಟಿದರೆ ಹಲವು ಸೀರೆಗಳ ಬಟ್ಟೆ ಒಂದೇ ಅಂಗೈಗೆ ಸಿಗುತ್ತಿತ್ತು. ಹೊರಗಿನ ಸದ್ದು ಒಳಗೆ ಬಾರದಿರಲಿ, ಒಳಗಿನ ಮಾತು ಗೋಡೆಗೆ ಬಡಿದು ಗುಂಯ್ಗುಡದಿರಲಿ ಎಂದು ಈ ಏರ್ಪಾಟು. ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ, ಧ್ವನಿಮುದ್ರಿಸಿ, ಸಿ.ಡಿ.ಗಳಲ್ಲಿ ತುಂಬಿ ಕಳಿಸುವ ಒಂದು ಸಣ್ಣ ಟ್ರಸ್ಟಿನ ಕೋಣೆ ಅದು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ವಿಜಯನಗರಕ್ಕೆ ಮೆಟ್ರೋ ಇನ್ನೂ ಬಂದಿರಲಿಲ್ಲ.

ನನಗೂ ದೃಷ್ಟಿಯಿಲ್ಲ. ಎಳವೆಯ ಒಂದು ಜ್ವರದಲ್ಲಿ ಹೋಯಿತು. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತಳಾಗಿ, ಬಸವೇಶ್ವರನಗರದಲ್ಲಿ ತಂಗಿಯ ಮನೆಯ ಮಹಡಿಯಲ್ಲಿ ವಾಸವಾಗಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲವಾದ್ದರಿಂದ ಕಂಪ್ಯೂಟರ್ ಕಲಿತೆ. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆಗ ಕನ್ನಡ ಬಾರದ ಒಬ್ಬ ಇಂಗ್ಲಿಷಿನವನಾಗಿತ್ತು. ಮೂಗಿನಲ್ಲಿ, ಗಡಿಬಿಡಿಯಲ್ಲಿ, ಏರಿಳಿತವೇ ಇಲ್ಲದೆ ಮಾತಾಡುವ ಆ ಯಂತ್ರದ ಧ್ವನಿಗೆ ನಾನು "ದೊರೆ" ಎಂದು ಹೆಸರಿಟ್ಟಿದ್ದೆ. ದೊರೆಯ ಸಹಾಯದಿಂದ ಧ್ವನಿಯನ್ನು ಕತ್ತರಿಸಿ ಜೋಡಿಸುವುದನ್ನು ಅಭ್ಯಾಸ ಮಾಡಿಕೊಂಡೆ. ಟ್ರಸ್ಟಿನ ಕಾರ್ಯದರ್ಶಿಗಳು ಯಾರಾದರೂ ದೊಡ್ಡ ಮನುಷ್ಯರು ಬಂದಾಗ ನನ್ನನ್ನು ಪರಿಚಯಿಸುತ್ತಿದ್ದ ವಾಕ್ಯ ಒಂದೇ: "ಇವ್ರಿಗೆ ಕಣ್ಣು ಕಾಣಲ್ಲ, ಆದ್ರೂ ಎಡಿಟಿಂಗ್ ಮಾಡ್ತಾರೆ." ಆ "ಆದರೂ" ಎಂಬ ಪದವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಸದ್ದನ್ನು ತಿದ್ದುವುದಕ್ಕೆ ಕಣ್ಣು ಏಕೆ ಬೇಕು ಎಂಬುದನ್ನು ಅವರು ಎಂದೂ ವಿವರಿಸಲಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಕಣ್ಣಿರುವವರು ಪರದೆಯ ಮೇಲೆ ಧ್ವನಿಯ ಅಲೆಗಳನ್ನು ನೋಡಿ ಮೌಸ್ ಎಳೆದು ಕತ್ತರಿಸುತ್ತಾರಂತೆ. ನನಗೆ ಅಲೆಯೂ ಇಲ್ಲ, ಮೌಸೂ ಇಲ್ಲ. ಎಡಗಿವಿಗೆ ದೊರೆಯ ಇಯರ್‌ಫೋನ್, ಬಲಗಿವಿಗೆ ಓದುವವರದು. ತಪ್ಪು ಕೇಳಿಸಿದ ಕಡೆ ನಿಲ್ಲಿಸಿ, ಕೀಲಿಮಣೆಯ ಕೀಲಿಗಳಿಂದ ಕೂದಲೆಳೆಯಷ್ಟು ಹಿಂದಕ್ಕೆ, ಮುಂದಕ್ಕೆ ಸರಿಯುತ್ತ, ತುಂಡಿನ ತಲೆಗೊಂದು ಗುರುತು, ಬಾಲಕ್ಕೊಂದು ಗುರುತು ಹಾಕಿ ತೆಗೆದುಬಿಡುವುದು. ತೆಗೆದ ಮೇಲೆ ಎರಡು ತುದಿಗಳೂ ಕೂಡಿದ ಜಾಗವನ್ನು ಮತ್ತೆ ಮತ್ತೆ ಕೇಳುವುದು. ಅಲ್ಲಿ "ಟಿಕ್" ಎಂದರೆ ಗಾಯ ಮಾಯಲಿಲ್ಲವೆಂದು ಅರ್ಥ. ಎಲ್ಲಾದರೂ ಬಿಡುವು ಬೇಕಾದರೆ ಬರಿಯ ಶೂನ್ಯವನ್ನು ತುಂಬಬಾರದು. ಕೇಳುವವರಿಗೆ ಯಂತ್ರ ಕೆಟ್ಟಿತೇನೋ ಅನ್ನಿಸುತ್ತದೆ. ಪ್ರತಿ ಕೋಣೆಗೂ ಅದರದೇ ಆದ ಮೌನವಿರುತ್ತದೆ. ನಾವು ಪ್ರತಿದಿನ ಬೆಳಿಗ್ಗೆ ಫ್ಯಾನ್ ಆರಿಸಿ, ಯಾರೂ ಮಾತಾಡದೆ ಕುಳಿತು, ಆ ದಿನದ ಮೌನವನ್ನು ಮುದ್ರಿಸಿಕೊಳ್ಳುತ್ತಿದ್ದೆವು. ಬೇಕಾದ ಕಡೆ ಅದನ್ನೇ ತೇಪೆ ಹಾಕುತ್ತಿದ್ದೆ.

ಆ ಬೇಸಿಗೆಯಲ್ಲಿ ಕೈಗೆತ್ತಿಕೊಂಡದ್ದು ದ್ವಿತೀಯ ಪಿಯುಸಿಯ ಇತಿಹಾಸ ಪುಸ್ತಕ. ಕಾಲೇಜುಗಳು ತೆರೆಯುವ ಹೊತ್ತಿಗೆ ಸಿ.ಡಿ.ಗಳು ಮಕ್ಕಳ ಕೈಸೇರಬೇಕಿತ್ತು. ಓದುವುದಕ್ಕೆ ಒಪ್ಪಿಕೊಂಡವರು ರಾಜಾಜಿನಗರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಹವ್ಯಾಸಿ ನಾಟಕಗಳಲ್ಲಿ ರಾಜನ ಪಾತ್ರ ಮಾಡುತ್ತಿದ್ದವರು. ಕಂಠವೇನೋ ಗಂಭೀರವಾಗಿತ್ತು. ಆದರೆ ಭೂಕಂದಾಯದ ಪದ್ಧತಿಯನ್ನು ಓದಿದರೂ ಯುದ್ಧಕ್ಕೆ ಕರೆ ಕೊಟ್ಟಂತೆ ಓದುತ್ತಿದ್ದರು. ಅವರ ಪಕ್ಕದಲ್ಲಿ ಕುಳಿತು, ಅಚ್ಚಾದ ಪುಸ್ತಕದ ಮೇಲೆ ಕಣ್ಣಿಟ್ಟು, ಬಿಟ್ಟುಹೋದ ಪದಗಳನ್ನು ಹಿಡಿಯುವ ಕೆಲಸ ಮಾಧವರಾಯರದಾಗಿತ್ತು.

ಮಾಧವರಾಯರು ರಾಜಾಜಿನಗರದ ಮುದ್ರಣಾಲಯವೊಂದರಲ್ಲಿ ಆಯಸ್ಸೆಲ್ಲ ಪ್ರೂಫ್ ನೋಡಿ ನಿವೃತ್ತರಾದವರು, ಬಾಪೂಜಿನಗರದಲ್ಲಿ ಮನೆ. ಕಾರ್ಯದರ್ಶಿಗಳು ಅವರನ್ನು ಕರೆತಂದು ಪರಿಚಯಿಸಿದ ದಿನ ನಾನು ನಮಸ್ಕಾರವೆಂದೆ. ಉತ್ತರ ಬರಲಿಲ್ಲ. ಕುರ್ಚಿ ಎಳೆದ ಸದ್ದು ಬಂತು, ಅಷ್ಟೆ. ನನ್ನ ಮುಂದೆ ಬರಿಯ ತಲೆಯಾಡಿಸಿ ಸುಮ್ಮನಾಗುವವರನ್ನು ನಾನು ಬಹಳ ಕಂಡಿದ್ದೇನೆ; ಅವರನ್ನು ಇಡಬೇಕಾದ ಜಾಗದಲ್ಲಿ ಇವರನ್ನೂ ಇಟ್ಟೆ. ಅವರಿಗೆ ಉಗ್ಗು ಇದೆ, "ನಮಸ್ಕಾರ" ಎಂಬ ಪದ ಗಂಟಲಲ್ಲೇ ನಿಂತುಬಿಟ್ಟಿತ್ತು ಎಂಬುದು ತಿಳಿದದ್ದು ಆಮೇಲೆ. ಆಗಲೂ ನನ್ನ ವಾದ ಬದಲಾಗಲಿಲ್ಲ. ಮಾತು ಬಾರದಿದ್ದರೆ ಮೇಜನ್ನಾದರೂ ಒಮ್ಮೆ ತಟ್ಟಬಹುದಿತ್ತು. ಇದನ್ನು ಅವರಿಗೇ ಹೇಳಿದೆ. ಮರುದಿನದಿಂದ ಅವರು ಬಂದೊಡನೆ ಮೇಜಿನ ಮೇಲೆ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದರು. ಆ ಒಂದು ಏಟಿನಲ್ಲಿ ನನಗೆ ಸಲ್ಲಬೇಕಾದ ಮರ್ಯಾದೆಯೂ ಇತ್ತು, ತುಸು ತಮಾಷೆಯೂ ಇತ್ತು.

ಅವರೊಂದಿಗೆ ನನ್ನ ಮೊದಲ ಜಗಳವಾದದ್ದು ಧ್ವನಿಮುದ್ರಣದೊಳಗೆ ಒಂದು ಗೊಣಗಾಟ ಸಿಕ್ಕಾಗ. ಬ್ಯಾಂಕಿನವರ ಗರ್ಜನೆಯ ಕೆಳಗೆ ಇನ್ನೊಂದು ಧ್ವನಿ, ಒಂದು ಪದದಷ್ಟು ಮುಂದೆ ಮುಂದೆ, ನೀರಿನಂತೆ ಹರಿಯುತ್ತಿತ್ತು. ಪುಸ್ತಕ ನೋಡುವಾಗ ತುಟಿ ಆಡಿಸುವುದು ಪ್ರೂಫ್ ನೋಡುವವರ ಅಭ್ಯಾಸವಂತೆ. ತಮಗೆ ತಿಳಿಯದೆ ಪಿಸುಗುಟ್ಟಿಕೊಂಡು ಓದುತ್ತಿದ್ದರು. ಒಂದು ಅಧ್ಯಾಯದ ತುಂಬ ಈ ಎರಡನೆಯ ಓದು ಅಂಟಿಕೊಂಡಿತ್ತು. ಒಬ್ಬರ ಮಾತಿನ ಕೆಳಗಿಂದ ಇನ್ನೊಬ್ಬರ ಮಾತನ್ನು ತೆಗೆಯಲು ಯಾವ ಕತ್ತರಿಗೂ ಸಾಧ್ಯವಿಲ್ಲ. ನಾನು ಸಾಕಷ್ಟು ಖಾರವಾಗಿಯೇ ಹೇಳಿದೆ. ಅವರು ಅಂದಿನಿಂದ ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು, ತುಟಿ ಬಿಗಿದು ಕೂರತೊಡಗಿದರು.

ಏಪ್ರಿಲ್ ಕೊನೆಯಲ್ಲಿ ಬ್ಯಾಂಕಿನವರು ಮಗಳ ಬಾಣಂತನವೆಂದು ಹುಬ್ಬಳ್ಳಿಗೆ ಹೊರಟರು. ಪುಸ್ತಕದ ಮೊದಲ ಕೆಲವು ಅಧ್ಯಾಯಗಳಷ್ಟೇ ಮುಗಿದಿದ್ದವು. ಬೇರೆ ಓದುಗರೆಲ್ಲ ಮದುವೆ, ಮುಂಜಿ, ಊರು ಎಂದು ಚದುರಿದ್ದರು. ಕಾರ್ಯದರ್ಶಿಗಳು, ಅವಸರವೇನಿಲ್ಲ, ಜುಲೈಯಲ್ಲಿ ನೋಡಿದರಾಯಿತು ಎಂದರು. ಅವಸರವಿಲ್ಲದಿದ್ದುದು ಅವರಿಗೆ. ಕಾಲೇಜು ತೆರೆದು, ಗೆಳತಿಯರ ಪುಸ್ತಕಗಳು ಎದುರಿಗೇ ಇದ್ದರೂ, ಯಾರಾದರೂ ದಯೆಯಿಟ್ಟು ಓದಿ ಹೇಳಲಿ ಎಂದು ಕಾಯುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತಿತ್ತು. ನನ್ನ ಕಾಲದಲ್ಲಿ ಹಾಗೆ ಕಾಯಿಸಿದವರ ಹೆಸರುಗಳನ್ನು ಇಂದಿಗೂ ಕ್ರಮವಾಗಿ ಹೇಳಬಲ್ಲೆ.

ಆ ಸಂಜೆ ಮನೆಯಲ್ಲಿ ಕುಳಿತಾಗ ಆ ಗೊಣಗಾಟ ನೆನಪಿಗೆ ಬಂತು. ಒಂದಕ್ಷರವೂ ಮುಕ್ಕಾಗದ ಓದು. ಮಹಾಪ್ರಾಣಗಳು ಒಂದೂ ಸೋರಿಹೋಗಿರಲಿಲ್ಲ. ಮರುದಿನ ಮೇಜು ತಟ್ಟಿದ ಸದ್ದಾದೊಡನೆ, ಉಳಿದ ಅಧ್ಯಾಯಗಳನ್ನು ನೀವೇ ಓದಬೇಕೆಂದೆ.

ಅವರ ಮಾತನ್ನು ನಾನು ಇಲ್ಲಿ ತುಂಡು ತುಂಡಾಗಿ ಬರೆಯಲು ಹೋಗುವುದಿಲ್ಲ. ಓದುವವರು ಆ ತಡೆಗಳನ್ನು ತಾವೇ ಊಹಿಸಿಕೊಳ್ಳಬೇಕು.

"ನನ್ನ ನಾಲಿಗೆ ನಿಮಗೆ ಗೊತ್ತಲ್ಲ ಮೇಡಂ," ಎಂದರು.

"ನಾಲಿಗೆ ನಿಮ್ದು, ಕತ್ತರಿ ನಂದು. ನೀವು ಓದಿ."

"ಪಿಸುಗುಟ್ಟಿದ್ರೆ ಬರುತ್ತೆ. ಬಾಯ್ಬಿಟ್ಟು ಓದಿದ್ರೆ ನಿಂತ್ಹೋಗುತ್ತೆ."

"ನಿಂತ್ರೆ ನಿಲ್ಲಿ. ಪುಸ್ತಕ ಎಲ್ಲೂ ಓಡಿಹೋಗಲ್ಲ."

ಹೀಗೆ ಶುರುವಾಯಿತು. ಬೆಳಿಗ್ಗೆ ಬೀದಿಗೆ ಸೊಪ್ಪಿನವಳು ಬರುವ ಮೊದಲೇ ಸೇರುತ್ತಿದ್ದೆವು. ಆಮೇಲೆ ಬೋರ್‌ವೆಲ್ ಮೋಟರು, ಕುಕ್ಕರು, ಹಳೇ ಪೇಪರಿನವನು, ಎದುರಿನ ಸೈಟಿನಲ್ಲಿ ಕಲ್ಲು ಕೊಯ್ಯುವ ಯಂತ್ರ. ಹಾಸಿಗೆಗಳ ನಡುವೆ, ಫ್ಯಾನಿಲ್ಲದೆ, ಮೇ ತಿಂಗಳಲ್ಲಿ ಕುಳಿತು ನೋಡಿದವರಿಗೇ ಆ ಸೆಖೆ ಗೊತ್ತು. ಹತ್ತಿ ನಮ್ಮ ಬೆವರನ್ನೆಲ್ಲ ಕುಡಿದು ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಲೇ ಬಿಡುತ್ತಿತ್ತು. ಕರೆಂಟ್ ಹೋದರೆ ಕೌದಿ ಎತ್ತಿ ಕಟ್ಟಿ, ಹಿಂದಿನ ಮನೆಯ ಹೆಣ್ಣುಮಗಳು ಕೊಡುವ ಮಜ್ಜಿಗೆ ಕುಡಿದು, ಕರೆಂಟ್ ಬರುವವರೆಗೆ ಅವರ ಮುದ್ರಣಾಲಯದ ಕಥೆಗಳು. ಮದುವೆಯ ಕರೆಯೋಲೆಯಲ್ಲಿ ಗಂಡಿನ ಹೆಸರಿನ ಜಾಗದಲ್ಲಿ ಹುಡುಗಿಯ ಸೋದರಮಾವನ ಹೆಸರು ಅಚ್ಚಾಗಿ, ಎರಡು ಮನೆಯವರೂ ಮುದ್ರಣಾಲಯದ ಬಾಗಿಲಲ್ಲಿ ಧರಣಿ ಕೂತ ಕಥೆಯನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ಕರೆಂಟ್ ಬಂದು ಮತ್ತೆ ಹೋಗಿತ್ತು. ನಾನು ನಕ್ಕದ್ದಕ್ಕೆ ಅವರೂ ನಕ್ಕರು. ನಗುವಾಗ ಅವರಿಗೆ ಎಲ್ಲೂ ತಡೆಯುತ್ತಿರಲಿಲ್ಲ.

ಅವರ ಓದು ಬಂಡಿ ಕಲ್ಲಿನ ದಾರಿಯಲ್ಲಿ ಹೋದಂತೆ. ಒಂದು ಪದಕ್ಕೆ ಮೂರು ನಾಲ್ಕು ಆರಂಭ. ಎಲ್ಲ ಮೊದಲ ಆರಂಭಗಳನ್ನು ತೆಗೆದು ಕೊನೆಯದನ್ನು ಉಳಿಸಿಕೊಳ್ಳುವುದು ನನ್ನ ಕೆಲಸ. ಕ, ತ, ಪ ಮೊದಲಾದ ಅಕ್ಷರಗಳು ಸುಲಭ. ಅವುಗಳ ಬೆನ್ನಿಗೆ ಬಾಯಿ ಮುಚ್ಚಿಕೊಂಡ ಒಂದು ಕ್ಷಣದ ಮೌನವಿರುತ್ತದೆ; ಅಲ್ಲಿ ಕತ್ತರಿ ಹಾಕಿದರೆ ಹೊಲಿಗೆ ತಿಳಿಯುವುದಿಲ್ಲ. "ಕದಂಬರು" ಎಂಬುದು ಅವರ ಬಾಯಲ್ಲಿ ಎಷ್ಟು ಸಲ ಎಡವಿದರೂ ನನ್ನ ಕೈಯಲ್ಲಿ ಒಂದೇ ಸಲಕ್ಕೆ ನಿಲ್ಲುತ್ತಿತ್ತು. ಸ ಮತ್ತು ಶ ಎಳೆದುಕೊಂಡು ಹೋಗುತ್ತವೆ. ನಡುವಿನಿಂದ ತುಂಡು ತೆಗೆಯಬೇಕು. ಎಲ್ಲಕ್ಕಿಂತ ಹಠಮಾರಿ "ಮ". ತುಟಿ ಮುಚ್ಚಿಯೇ ಧ್ವನಿ ಹೊರಡುವುದರಿಂದ ಅವರು ಅಲ್ಲಿ ಸಿಕ್ಕಿಕೊಂಡರೆ ತಂಬೂರಿಯಂತೆ ಉದ್ದಕ್ಕೆ ಮೊರೆಯುತ್ತಿತ್ತು. ಆ ಮೊರೆತದ ಯಾವ ಬಿಂದುವಿನಲ್ಲಿ ಕತ್ತರಿಸಿ ಯಾವ ಬಿಂದುವಿಗೆ ಸೇರಿಸಿದರೆ ಧ್ವನಿಯ ಏರು ಒಂದೇ ಆಗಿರುತ್ತದೆ ಎಂದು ಹುಡುಕುತ್ತ ನಾನು ಮಧ್ಯಾಹ್ನಗಳನ್ನು ಕಳೆದಿದ್ದೇನೆ. "ಮೌರ್ಯರು" ಎಂಬ ಅಧ್ಯಾಯ ಬಂದಾಗ ಇಬ್ಬರೂ ನಿಟ್ಟುಸಿರು ಬಿಟ್ಟೆವು.

ಅದೇ ಅಧ್ಯಾಯಕ್ಕೇ ಒಬ್ಬ ಆಸಾಮಿ ಕೈಯಿಟ್ಟದ್ದು. ಕಂಪ್ಯೂಟರ್ ಸರ್ವೀಸಿಗೆ ಬರುತ್ತಿದ್ದವನು ಒಂದು ಸಂಜೆ ನಾವಿಲ್ಲದಾಗ ಬಂದು, ಯಂತ್ರದಲ್ಲಿ ಎರಡು ಸೌಂಡ್ ಕಾರ್ಡುಗಳಿರುವುದು ದಂಡವೆಂದು ತಾನೇ ತೀರ್ಮಾನಿಸಿ, ಎಲ್ಲ ಸದ್ದೂ ಒಂದೇ ದಾರಿಯಲ್ಲಿ ಹೋಗುವಂತೆ ಬದಲಿಸಿ ಹೋಗಿದ್ದ. ದೊರೆಗೆ ಒಂದು, ಓದುವವರಿಗೆ ಒಂದು ದಾರಿ ಏಕೆ ಬೇಕು ಎಂದು ನನ್ನನ್ನು ಒಂದು ಮಾತು ಕೇಳಲಿಲ್ಲ. ಮರುದಿನ ಮಾಧವರಾಯರು ಮೌರ್ಯರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅಂಗಿ ಒದ್ದೆಯಾಗಿ ಮನೆಗೆ ಹೋದರು. ನಾನು ತಿದ್ದಲು ಕುಳಿತರೆ, ಅಶೋಕನ ಶಾಸನಗಳ ನಡುನಡುವೆ ದೊರೆ ಇಂಗ್ಲಿಷಿನಲ್ಲಿ ಮಣಮಣ ಎನ್ನುತ್ತಿದ್ದಾನೆ. ಎಷ್ಟು ನಿಮಿಷವಾಯಿತೆಂದು ನಾನು ಕೀಲಿ ಒತ್ತಿ ಕೇಳಿದಾಗಲೆಲ್ಲ ಅವನು ನನ್ನ ಕಿವಿಗೆ ಹೇಳಿದ್ದು ಧ್ವನಿಮುದ್ರಣದೊಳಕ್ಕೂ ಇಳಿದಿತ್ತು. ಓದು ನಡೆಯುತ್ತಿದ್ದಾಗ ನನಗೆ ಗೊತ್ತಾಗುವಂತಿರಲಿಲ್ಲ. ಅವನು ನನ್ನ ಎಡಗಿವಿಯಲ್ಲಿ ಯಾವಾಗಲೂ ಇದ್ದವನೇ.

ಇನ್ನೊಬ್ಬ ಓದುಗರಾಗಿದ್ದರೆ ಮತ್ತೊಮ್ಮೆ ಓದಿ ಎನ್ನುವುದು ದೊಡ್ಡ ಮಾತಲ್ಲ. ಇವರಿಗೆ ಹೇಗೆ ಹೇಳುವುದು? ಹೇಳಿದೆ. ಸರ್ವೀಸಿನವನ ವಿಷಯದಲ್ಲಿ ನಾನು ಆಡಿದ ಮಾತುಗಳನ್ನು ಮಾಧವರಾಯರು ಪೂರ್ತಿ ಕೇಳಿಸಿಕೊಂಡು, ಪುಸ್ತಕದ ಹಾಳೆ ಹಿಂದಕ್ಕೆ ತಿರುಗಿಸಿದರು. "ಎರಡನೇ ಪ್ರೂಫ್ ಅಂದ್ಕೊಂಡ್ರಾಯ್ತು," ಎಂದರು. ಆ ದಿನ ಅವರು ಮೊದಲಿಗಿಂತ ಹೆಚ್ಚು ತಡವರಿಸಿದರು. ಆದರೂ ನಿಲ್ಲಿಸಲಿಲ್ಲ. ಈ "ಆದರೂ" ನನ್ನದು. ಇದನ್ನು ಯೋಚಿಸಿಯೇ ಬರೆದಿದ್ದೇನೆ.

ಕೆಲವು ದಿನಗಳ ನಂತರ ಮೌರ್ಯರು ಸಿದ್ಧರಾದರು. ಮಾಧವರಾಯರನ್ನು ಕೂರಿಸಿ, ಇಯರ್‌ಫೋನ್ ತೆಗೆದು, ಕಂಪ್ಯೂಟರಿನ ಸ್ಪೀಕರಿನಲ್ಲೇ ಹಾಕಿದೆ. ಒಬ್ಬ ಮನುಷ್ಯ ಅವಸರವಿಲ್ಲದೆ, ಆಡಂಬರವಿಲ್ಲದೆ, ಪ್ರತಿಯೊಂದು ಪದವನ್ನೂ ಅದರ ತೂಕಕ್ಕೆ ತಕ್ಕಂತೆ ಇಡುತ್ತ ಓದುತ್ತಿದ್ದ. ಮುಗಿಯಿತು. ಮಾಧವರಾಯರು ಮೇಜನ್ನೂ ತಟ್ಟಲಿಲ್ಲ. ಮತ್ತೊಮ್ಮೆ ಹಾಕುತ್ತೀರಾ ಎಂದರು. ಹಾಕಿದೆ. ಆಮೇಲೆ, ಒಂದು ಸಿ.ಡಿ. ಮನೆಗೆ ತೆಗೆದುಕೊಂಡು ಹೋಗಬಹುದೇ, ಹೆಂಡತಿಗೆ ಕೇಳಿಸಬೇಕು ಎಂದರು. ಪರೀಕ್ಷೆಯ ಫಲಿತಾಂಶ ಒಯ್ಯುವ ಹುಡುಗನ ದನಿ ಅದು. ನನಗೆ ಆ ದಿನ ಬಸ್ಸಿನಲ್ಲಿ ಯಾರ ಮೇಲೂ ಸಿಟ್ಟು ಬರಲಿಲ್ಲ.

ಮರುದಿನ ಮೇಜಿನ ಮೇಲೆ ಬಿದ್ದ ಏಟು ಮೆತ್ತಗಿತ್ತು. ಏನಾಯಿತೆಂದು ಕೇಳಿದೆ. ಹೆಂಡತಿ ಹುರುಳಿಕಾಯಿ ಬಿಡಿಸುತ್ತ ಪೂರ್ತಿ ಕೇಳಿದರಂತೆ. ಬಹಳ ಚೆನ್ನಾಗಿದೆ, ಯಾರು ಓದಿದ್ದು ಎಂದರಂತೆ. ನಾನೇ ಎಂದು ಇವರು ಹೇಳಿದಾಗ ಆಕೆ ನಕ್ಕು, "ದನಿ ನಿಮ್ದೇ ಥರ ಇದೆ, ಆದ್ರೆ ನೀವಲ್ಲ ಬಿಡಿ" ಎಂದರಂತೆ. ಇವರು ಮತ್ತೆ ಹೇಳಿದ ಮೇಲೆ ನಗು ನಿಲ್ಲಿಸಿ, ಇನ್ನೊಮ್ಮೆ ಹಾಕಿಸಿ ಕೇಳಿ, ಎದ್ದು ಒಳಗೆ ಹೋದರಂತೆ.

ಅವರೇ ಮುಂದುವರಿಸಿದರು.

"ಪಾಠ ಮಕ್ಕಳದ್ದು ಮೇಡಂ. ಅದನ್ನ ನೀವು ಎಷ್ಟು ಬೇಕಾದ್ರೂ ತಿದ್ದಿ. ಶುರುವಲ್ಲಿ ನನ್ನ ಹೆಸರು ಹೇಳ್ತೀನಲ್ಲ, ಅದನ್ನ ಮುಟ್ಟಬೇಡಿ. ಅದು ನಂದು."

ಪ್ರತಿ ಸಿ.ಡಿ.ಯ ಆರಂಭದಲ್ಲಿ ಪುಸ್ತಕದ ಹೆಸರು, ಓದಿದವರು, ಧ್ವನಿ ತಿದ್ದಿದವರು ಎಂಬ ಪ್ರಕಟಣೆ ಇರುತ್ತಿತ್ತು. ಓದಿದವರು ತಮ್ಮ ಹೆಸರನ್ನು ತಾವೇ ಹೇಳುವುದು ನಮ್ಮ ಪದ್ಧತಿ. ಅದರ ಬೆನ್ನಿಗೇ ನನ್ನ ಹೆಸರು. ನನಗೆ ಧರ್ಮಸಂಕಟವಾಯಿತು. ಅಕ್ಕಪಕ್ಕದ ಮನೆಯ ಸಾರಿನ ಒಗ್ಗರಣೆ ಸದ್ದನ್ನೂ ಒಳಗೆ ಬಿಡದವಳು ನಾನು. ಪುಸ್ತಕದ ಹೊಸ್ತಿಲಲ್ಲೇ, ನನ್ನ ಹೆಸರಿಗೆ ಅಂಟಿಕೊಂಡಂತೆ, ಇಷ್ಟುದ್ದದ ತಡೆಯನ್ನು ಉಳಿಸಬೇಕೆ? ಮುದ್ರಣಾಲಯದಲ್ಲಿ ಇಂಥದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. ಯಾರೋ ತಪ್ಪೆಂದು ಹೊಡೆದುಹಾಕಿದ ಪದ ಇದ್ದಂತೆಯೇ ಇರಬೇಕಾದರೆ ಅದರ ಕೆಳಗೆ ಚುಕ್ಕಿಗಳನ್ನಿಡುತ್ತೇವೆ ಎಂದರು. ನನ್ನ ಮುಂದಿದ್ದ ದಪ್ಪ ಕಾಗದದ ಮೇಲೆ ಪೆನ್ನಿನ ಮೊನೆಯಿಂದ ಒತ್ತಿ ಒತ್ತಿ ಸಾಲಾಗಿ ಚುಕ್ಕಿ ಹಾಕಿ, ಕಾಗದ ಮಗುಚಿ, ನನ್ನ ಬೆರಳನ್ನು ಅದರ ಮೇಲಿಟ್ಟರು. ಚುಕ್ಕಿಗಳನ್ನು ಓದಿಯೇ ಬೆಳೆದವಳು ನಾನು. ಆ ಸಾಲಿನಲ್ಲಿ ಅಕ್ಷರ ಯಾವುದೂ ಇರಲಿಲ್ಲ. ಹೇಳಬೇಕಾದದ್ದು ಮಾತ್ರ ಸ್ಪಷ್ಟವಾಗಿತ್ತು. ಒಪ್ಪಿದೆ.

ಜೂನ್ ಆರಂಭದಲ್ಲಿ ಪುಸ್ತಕ ಮುಗಿಯಿತು. ಕಾರ್ಯದರ್ಶಿಗಳು ಮನೆಗೊಯ್ದು ಕೇಳಿದರು. ಮರಳಿ ಬಂದು ಬಹಳ ಹೊಗಳಿದರು. ಈ ಓದುಗರನ್ನು ಎಲ್ಲಿಂದ ಹಿಡಿದಿರಿ ಎಂದು ತಮಾಷೆ ಮಾಡಿದರು. ನಂತರ ದನಿ ತಗ್ಗಿಸಿ, "ಒಂದು ಕಡೆ ಮಾತ್ರ ಉಳ್ಕೊಂಡ್ಬಿಟ್ಟಿದೆ ಮೇಡಂ, ಹೆಸರಲ್ಲಿ. ಪಾಪ, ನಿಮಗೆ ಕಾಣಿಸಿಲ್ಲ ಅನ್ಸುತ್ತೆ" ಎಂದರು.

ಎಷ್ಟೋ ಸಾವಿರ ತಡೆಗಳನ್ನು ಒಂದೊಂದಾಗಿ ತೆಗೆದವಳಿಗೆ, ಮನೆಬಾಗಿಲಿನಷ್ಟು ದೊಡ್ಡದಾದ ಆ ಒಂದೇ ತಡೆ "ಕಾಣಿಸಿಲ್ಲ"! "ಪಾಪ" ಎಂಬುದು ಬೇರೆ.

"ಕೇಳಿಸಿದೆ ಸಾರ್. ಬಿಟ್ಟಿದೀನಿ," ಎಂದೆ.

ಅವರು ಒಪ್ಪಲಿಲ್ಲ. ದಾನಿಗಳು ಕೇಳುತ್ತಾರೆ, ಟ್ರಸ್ಟಿನ ಗುಣಮಟ್ಟದ ಪ್ರಶ್ನೆ, ಮಕ್ಕಳು ನಗುತ್ತಾರೆ ಎಂದರು. ಆಫೀಸಿನ ಹುಡುಗಿಯ ಕೈಯಲ್ಲಿ ಪ್ರಕಟಣೆ ಓದಿಸಿ ಎಂದರು. ಹಾಗೇ ಇದ್ದರೆ ಸಿ.ಡಿ.ಗಳು ಹೊರಗೆ ಹೋಗುವುದಿಲ್ಲ ಎಂದೂ ಹೇಳಿ ಹೋದರು. ಸುದ್ದಿ ಮಾಧವರಾಯರಿಗೆ ತಲುಪಿತು. ಕಾಲೇಜುಗಳು ಅದೇ ವಾರ ತೆರೆಯುವುದರಲ್ಲಿದ್ದವು. ಅವರು ಬಂದು, ತೆಗೆದುಬಿಡಿ ಮೇಡಂ, ಮಕ್ಕಳಿಗೆ ತಡವಾಗುತ್ತದೆ, ಹೆಸರಲ್ಲೇನಿದೆ ಎಂದರು. ನನಗೆ ಕಾರ್ಯದರ್ಶಿಗಳ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಇವರ ಮೇಲೆ ಬಂತು. ಆ ಹೆಸರನ್ನು ಬಿಟ್ಟರೆ ಇಡೀ ಪುಸ್ತಕದಲ್ಲಿ ಮಾಧವರಾಯರೆಂಬ ಮನುಷ್ಯ ಎಲ್ಲೂ ಉಳಿಯುವುದಿಲ್ಲ. ಆ ಮನುಷ್ಯನನ್ನು ಒಂದು ಕೂದಲೂ ಬಿಡದಂತೆ ಅಳಿಸಿದ ಕೈ ನನ್ನದೇ.

"ನಿಮ್ಮನೇವ್ರು ಯಾರಿದು ಅಂತ ಕೇಳಿದ್ರು. ಇನ್ನು ಊರೋರೆಲ್ಲ ಕೇಳ್ಬೇಕಾ? ಕೂತ್ಕೊಳ್ಳಿ ಸುಮ್ನೆ," ಎಂದೆ.

ಮರುದಿನ ಕಾರ್ಯದರ್ಶಿಗಳ ಮೇಜಿನ ಮುಂದೆ ಹೋಗಿ ನಿಂತೆ. ಹಿಂದಿನ ವರ್ಷದ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಹಿಂದಿನ ಪದವಿ ಬಿಟ್ಟುಹೋಗಿತ್ತು. ಅಚ್ಚಾದ ಪತ್ರಿಕೆಗಳನ್ನೆಲ್ಲ ಅವರು ಹಿಂದಕ್ಕೆ ಕಳಿಸಿದ್ದರು. ಆ ಜಗಳದಲ್ಲಿ ವಿದ್ಯಾರ್ಥಿಗಳಿಗೆ ಪತ್ರಿಕೆ ತಲುಪಿದ್ದು ಸಮಾರಂಭ ಮುಗಿದ ಮೇಲೆ. ಆಗ ಅವರು ಆಡಿದ ಮಾತನ್ನು ಒಂದಕ್ಷರ ಬಿಡದೆ ಅವರಿಗೇ ಒಪ್ಪಿಸಿದೆ: "ಹೆಸರು ಅಂದ್ರೆ ಪೂರ್ತಿ ಹೆಸರು ಕಣ್ರೀ, ಅರ್ಧಂಬರ್ಧ ಹಾಕೋದಾದ್ರೆ ಹಾಕ್ಲೇಬೇಡಿ." ಒಪ್ಪಿಸಿ, ಮಾಧವರಾಯರದೂ ಪೂರ್ತಿ ಹೆಸರೇ, ಅವರು ಹೇಳುವಾಗ ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದೆ. ಬೇಡವೆಂದರೆ ನನ್ನ ಹೆಸರನ್ನೂ, ನನ್ನ ಕೆಲಸವನ್ನೂ ಜೊತೆಗೇ ತೆಗೆಯಬಹುದು ಎಂದೂ ಸೇರಿಸಿದೆ. ಕಾರ್ಯದರ್ಶಿಗಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದ ಸದ್ದಾಯಿತು. "ನೀವು ಏನನ್ನೂ ಮರೆಯಲ್ಲ ಅಲ್ವಾ ಮೇಡಂ," ಎಂದರು ಕೊನೆಗೆ. ಸೋತವರ ದನಿಯಲ್ಲಿ ಸ್ವಲ್ಪ ನಗುವೂ ಇತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸಿ.ಡಿ.ಗಳು ಅದೇ ವಾರ ಹೊರಟವು.

ಮಳೆ ಹಿಡಿದ ಮೇಲೆ ನಾವು ಅರ್ಥಶಾಸ್ತ್ರದ ಪುಸ್ತಕ ಶುರುಮಾಡಿದೆವು. ಒಂದು ಬೆಳಿಗ್ಗೆ ನಾನು ಒಂದು ಉದ್ದನೆಯ "ಮ"ದೊಳಗೆ ಎರಡೂ ಕೈ ಸಿಕ್ಕಿಸಿಕೊಂಡು ಕುಳಿತಿದ್ದಾಗ ಫೋನ್ ಬಡಿಯಿತು. ಕೀಲಿಯ ಮೇಲಿಂದ ಬೆರಳು ತೆಗೆದರೆ ಹಿಡಿದ ಜಾಗ ತಪ್ಪುತ್ತದೆ. ನೀವೇ ತೆಗೆದುಕೊಳ್ಳಿ ಎಂದೆ. ಮಾಧವರಾಯರು ಫೋನ್ ಮುಟ್ಟುವವರಲ್ಲ. ಮುಖ ಕಾಣದ ಕಡೆಯಿಂದ ಜನ ಹಲೋ ಹಲೋ ಎಂದು ಕೂಗಿ ಇಟ್ಟುಬಿಡುತ್ತಾರೆ ಎಂದು ಅವರೇ ಆಮೇಲೆ ಹೇಳಿದರು. ಅದು ಬಡಿಯುತ್ತಲೇ ಇತ್ತು. ಎತ್ತಿದರು. ಆ ಹಳೆಯ ಉಪಕರಣದ ದನಿ ಮೇಜಿನ ಈಚೆಗೂ ಕೇಳಿಸುವಂತಿತ್ತು. ಮೇಲಾಗಿ ಫೋನಿನ ಸದ್ದು ಕೇಳಿಯೇ ನಾನು ಸಂಬಳ ಪಡೆದವಳು. ಒಂದು ಹುಡುಗಿ. ಕೆಂಗೇರಿಯ ಹಾಸ್ಟೆಲಿನವಳು, ಅಂಗಡಿಯ ಮುಂದಿನ ಕಾಯಿನ್ ಫೋನಿನಿಂದ ಮಾತಾಡುತ್ತಿದ್ದೇನೆ ಎಂದು ಹೇಳಿ, ಯಾರು ಮಾತಾಡ್ತಿರೋದು ಎಂದು ಕೇಳಿದಳು.

ಮಾಧವರಾಯರು ತಮ್ಮ ಹೆಸರು ಹೇಳಲು ಹೊರಟು ಮೊದಲ ಅಕ್ಷರದಲ್ಲೇ ನಿಂತರು. ಮೊರೆತ ಉದ್ದವಾಗುತ್ತ ಹೋಯಿತು. ನಾನು ಇಯರ್‌ಫೋನ್ ಕಿತ್ತು, ಫೋನ್ ಕಸಿದುಕೊಳ್ಳಲು ಕೈ ಚಾಚಿದ್ದೆ. ಅಷ್ಟರಲ್ಲಿ ಆ ಕಡೆಯಿಂದ, "ಸಾರ್, ನೀವೇನಾ? ಇತಿಹಾಸ ಓದಿರೋದು ನೀವೇ ಅಲ್ವಾ ಸಾರ್?" ಎಂದಳು.

"ಹೌದಮ್ಮ," ಎಂದರು ಮಾಧವರಾಯರು.

ಅರ್ಥಶಾಸ್ತ್ರವನ್ನೂ ನೀವೇ ಓದುತ್ತೀರಾ, ಯಾವಾಗ ಬರುತ್ತದೆ, ನಾವು ನಾಲ್ಕು ಜನ ಕೇಳುತ್ತಿದ್ದೇವೆ ಎಂದಳು. ಅವರು ಉತ್ತರ ಹೇಳತೊಡಗಿದರು. ಅದು ಉದ್ದದ ಉತ್ತರವಾಗಿತ್ತು, ದಾರಿಯಲ್ಲಿ ಎಲ್ಲ ಬಗೆಯ ಅಕ್ಷರಗಳೂ ಇದ್ದವು. ಅರ್ಧದಲ್ಲಿ ಒಂದು ರೂಪಾಯಿಯ ಹೊತ್ತು ಮುಗಿಯಿತೆಂದು ಫೋನು ಪೀಂ ಪೀಂ ಎಂದು ಎಚ್ಚರಿಸಿತು. ಮಾಧವರಾಯರು ಗಾಬರಿಯಾಗಿ ಇನ್ನಷ್ಟು ತಡವರಿಸಿದರು. ಆಗ ಆ ತುದಿಯಲ್ಲಿ ಠಣ್ ಎಂದು ಇನ್ನೊಂದು ನಾಣ್ಯ ಬಿದ್ದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಿಧಾನವಾಗಿ ಹೇಳಿ ಸಾರ್," ಎಂದಳು ಹುಡುಗಿ.